ಹದಿನಾರು ಮೊನೆಯ ಕೌದಿ

ಕೌದಿ ಹೊಲಿಯುವ ಚಟ ಹತ್ತಿದವರ ಮನೆಯಲ್ಲಿ ಬಟ್ಟೆಯ ರಾಶಿ ಒಂದು ಕಡೆ ಬೆಳೆಯುತ್ತದೆ, ‘ಯಾವತ್ತಾದರೂ ಒಂದಿನ ಇದನ್ನು ಹೊಲಿಯಬೇಕು’ ಅನ್ನುವ ಆಸೆಗಳ ರಾಶಿ ಇನ್ನೊಂದು ಕಡೆ. ಹಾಸನದಲ್ಲಿ ನಾವು ಕೆಲವು ಹೆಂಗಸರು ಆಗಾಗ ಭಾನುವಾರ ಮಧ್ಯಾಹ್ನ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಸಂಘ, ಅಧ್ಯಕ್ಷರು, ಚಂದಾ ಅಂತೆಲ್ಲ ಏನಿಲ್ಲ. ಸೂಜಿ ದಾರ ನಮ್ಮದು, ಕಾಫಿ ಮನೆಯವರದ್ದು, ಅಷ್ಟೇ. ಅಲ್ಲಿ ಕೈಯಲ್ಲಿರುವ ಕೆಲಸದ ಬಗ್ಗೆ ಮಾತು ಕಡಿಮೆ. ಮುಂದೆ ಮಾಡಬೇಕೆಂದಿರುವ ಕೌದಿಗಳದ್ದೇ ಮಾತು.

ಒಬ್ಬರು ಹೈಸ್ಕೂಲ್ ಮೇಡಂ. ಅವರಿಗೆ ಜೇನ್ ಸ್ಟಿಕಲ್ ಹುಚ್ಚು. ಜೇನ್ ಅಮೆರಿಕದ ವರ್ಮಾಂಟ್ ರಾಜ್ಯದವಳು. ಅಲ್ಲಿ ಅಂತರ್ಯುದ್ಧ ನಡೆಯುತ್ತಿದ್ದಾಗ ಒಂದು ಕ್ವಿಲ್ಟ್, ಅಂದರೆ ಆ ಕಡೆಯ ಕೌದಿ, ಹೊಲಿದು, ಅದರ ಮೂಲೆಯಲ್ಲಿ ‘ಯುದ್ಧದ ಕಾಲದಲ್ಲಿ, 1863’ ಅಂತ ಬರೆದಿಟ್ಟಳು. ಜೊತೆಗೆ ಎಷ್ಟು ತುಂಡು ಜೋಡಿಸಿದ್ದೇನೆ ಅನ್ನುವ ಲೆಕ್ಕವನ್ನೂ ಬರೆದಳು: 5602. ಒಟ್ಟು 225 ಬ್ಲಾಕುಗಳು, ಅಂದರೆ ತುಂಡು ಸೇರಿಸಿ ಮಾಡಿದ ಬಿಡಿ ಬಿಡಿ ವಿನ್ಯಾಸಗಳು. ಈಗ ಆ ಕ್ವಿಲ್ಟ್ ಬೆನ್ನಿಂಗ್ಟನ್ ಮ್ಯೂಸಿಯಂನಲ್ಲಿದೆ. ಬಟ್ಟೆ ಹಳೆಯದು, ಬೆಳಕು ತಾಗಿದಷ್ಟೂ ಹಾಳು. ಅದಕ್ಕೆ ವರ್ಷದಲ್ಲಿ ಕೆಲವೇ ವಾರ ಹೊರಗಿಡುತ್ತಾರೆ. ಪ್ರಪಂಚದ ಎಷ್ಟೋ ಕಡೆ ಹೆಂಗಸರು ಅದನ್ನೇ ತಾವೂ ಹೊಲಿಯುತ್ತೇವೆ ಅಂತ ಕೂತಿದ್ದಾರೆ. ನಮ್ಮ ಮೇಡಂ ರಿಟೈರ್ ಆಗಲಿ ಅಂತ ಕಾಯುತ್ತಿದ್ದಾರೆ.

ನನಗೆ ಆ ಕ್ವಿಲ್ಟ್‌ನಲ್ಲಿ ಇಷ್ಟವಾಗುವುದು ಲೆಕ್ಕ. ಜೋಡಿಸಿದ ತುಂಡನ್ನೆಲ್ಲ ಎಣಿಸಿ ಬರೆದಿಟ್ಟಳಲ್ಲ, ಅದರಲ್ಲಿ ಒಂದು ಗತ್ತು ಇದೆ. ಆದರೆ ಅವಳು ಮಾಡಿದ್ದನ್ನೇ ತುಂಡಿಗೆ ತುಂಡು ನಾನೂ ಮಾಡುವ ಆಸೆ ನನಗಿಲ್ಲ. ಹೀಗಂದು ಮೇಡಂ ಹತ್ತಿರ ಬೈಸಿಕೊಂಡಿದ್ದೇನೆ.

ಇನ್ನೊಬ್ಬರದು ಆರು ಮೂಲೆಯ ಹೂವಿನ ಕೌದಿ. ಷಟ್ಕೋನದ ಕಾಗದಕ್ಕೆ ಬಟ್ಟೆ ಮಡಿಚಿ ಕಚ್ಚಾ ಹೊಲಿಗೆ ಹಾಕಬೇಕು. ಒಂದರ ಸುತ್ತ ಆರು ಜೋಡಿಸಿದರೆ ಒಂದು ಹೂವು. ಜೋಡಿಸಿದ ಮೇಲೆ ಒಳಗಿನ ಕಾಗದ ಎಳೆದು ತೆಗೆಯುವುದು. ಕಾಗದ ಗಟ್ಟಿ ಇರಬೇಕು, ಆದರೆ ಸೂಜಿ ಚುಚ್ಚಬೇಕು. ಅದಕ್ಕೆ ಅವರು ಲಗ್ನಪತ್ರಿಕೆ ಬಳಸುತ್ತಾರೆ. ನಮ್ಮ ಬೀದಿಯ ಮದುವೆಗಳೆಲ್ಲ ಅವರ ಡಬ್ಬಿಯಲ್ಲಿವೆ. ಹೂಗಳೂ ಇವೆ, ಡಬ್ಬಿ ತುಂಬ. ಕೌದಿ ಮಾತ್ರ ‘ಮುಂದಿನ ವರ್ಷ’.

ಮೂರನೆಯವರ ತವರು ಹಳಿಯಾಳದ ಕಡೆ. ಅವರು ಚಿಕ್ಕಂದಿನಲ್ಲಿ ಅಲ್ಲಿನ ಆಫ್ರಿಕಾ ಮೂಲದ ಸಿದ್ದಿ ಹೆಂಗಸರು ಕೌದಿ ಹೊಲಿಯುವುದನ್ನು ನೋಡುತ್ತ ಬೆಳೆದವರು. ಸಿದ್ದಿಯರು ನಕಾಶೆ ಬರೆದುಕೊಳ್ಳುವುದಿಲ್ಲ. ಹಳೇ ಸೀರೆಯನ್ನು ತಳಕ್ಕೆ ಹಾಸಿ, ಒಂದು ಮೂಲೆಯಿಂದ ಅಂಚು ಹಿಡಿದು ಸುತ್ತುತ್ತ ನಡುವಿಗೆ ಬರುತ್ತಾರೆ. ತುಂಡು ಕೂರಿಸುವುದೂ ಪದರ ಸೇರಿಸುವುದೂ ಒಂದೇ ಹೊಲಿಗೆಯಲ್ಲಿ ಆಗಿಹೋಗುತ್ತದೆ. ನಾಲ್ಕು ಮೂಲೆಗೆ ಮಡಿಚಿದ ಬಟ್ಟೆಯ ‘ಫೂಲ’ ಇಡುತ್ತಾರೆ. ಅದಿಲ್ಲದಿದ್ದರೆ ಕೌದಿ ಬೋಳು. ‘ನಮ್ಮ ಕಡೆ ಯಾರೂ ಕನಸಿನ ಕೌದಿ ಅಂತ ವರ್ಷಗಟ್ಟಲೆ ಕೂರಲ್ಲ. ಮನೆಗೆ ಮಗು ಬರುತ್ತೆ ಅಂದರೆ ಕೌದಿ ಶುರು, ಅಷ್ಟೇ’ ಅನ್ನುತ್ತಾರೆ ಇವರು. ಆದರೆ ಅವರ ಹತ್ತಿರವೂ ಒಂದು ಕನಸು ಇದೆ. ಯಾವುದು ಅಂತ ಇನ್ನೂ ಹೇಳಿಲ್ಲ.

ನನ್ನ ಕನಸು ಕಲ್ಲಿನದು. ಅರಸೀಕೆರೆಯಲ್ಲಿ ನಮ್ಮ ಅತ್ತಿಗೆ ಮನೆ. ಅಲ್ಲಿಗೆ ಹೋದಾಗೆಲ್ಲ ಶಿವಾಲಯಕ್ಕೆ ಹೋಗುತ್ತೇನೆ. 1220ರ ಸುಮಾರಿನ ಹೊಯ್ಸಳ ದೇವಸ್ಥಾನ. ಬೇಲೂರು, ಹಳೇಬೀಡಿನ ಗದ್ದಲ ಇಲ್ಲಿಲ್ಲ, ಸುಮ್ನೆ ಕೂರಬಹುದು. ಗರ್ಭಗುಡಿಯ ತಳಪಾಯ 16 ಮೊನೆಯ ನಕ್ಷತ್ರ. ಬಿಸಿಲು ಓರೆಯಾಗಿ ಬಿದ್ದಾಗ ಒಂದೊಂದು ಮೊನೆಯ ಒಂದು ಮಗ್ಗಲು ಬೆಳಗುತ್ತದೆ, ಇನ್ನೊಂದು ಕಪ್ಪಾಗುತ್ತದೆ. ಬೆಳಕು, ನೆರಳು, ಬೆಳಕು, ನೆರಳು. ಯಾರೋ ಆಗಲೇ ಬಣ್ಣ ಆರಿಸಿ ಕತ್ತರಿಸಿ ಇಟ್ಟಿದ್ದಾರಲ್ಲ ಅಂತ ನನಗೆ ಅನಿಸುತ್ತಿತ್ತು. ಹೊಲಿಯುವುದೊಂದು ಬಾಕಿ.

ಬಾಕಿ ಹಾಗೇ ಉಳಿದಿತ್ತು. ಕೊನೆಗೂ ಶುರುವಾಗಿದ್ದಕ್ಕೆ ಕಾರಣ ಕಲೆಯೂ ಅಲ್ಲ, ದೇವರೂ ಅಲ್ಲ, ಒಂದು ಕಬ್ಬಿಣದ ಟ್ರಂಕ್. ಮಳೆಗಾಲಕ್ಕೆ ತಳ ತುಕ್ಕು ಹಿಡಿದಿತ್ತು. ಒಳಗಿದ್ದ ಬಟ್ಟೆಗೆ ಕಲೆ ಬೀಳುವ ಮೊದಲು ತೆಗೆಯಲೇಬೇಕಾಯಿತು. ತೆಗೆದ ಮೇಲೆ ಎಲ್ಲಿಡುವುದು? ಜಾಗ ಇರಲಿಲ್ಲ. ಹಾಗಾದರೆ ಕತ್ತರಿಸಿಬಿಡೋಣ ಅಂದುಕೊಂಡೆ.

ಒಳಗಿದ್ದದ್ದು ಬಹುಪಾಲು ರವಿಕೆ ಕಣ. ವರಮಹಾಲಕ್ಷ್ಮಿ, ಗೌರಿ ಹಬ್ಬ, ಸೀಮಂತ, ಗೃಹಪ್ರವೇಶ ಅಂತ ಹೋದಲ್ಲೆಲ್ಲ ಎಲೆ ಅಡಿಕೆ ಜೊತೆ ಕೊಟ್ಟದ್ದು. ಈ ಕಣಗಳನ್ನು ಯಾರೂ ಹೊಲಿಸಿಕೊಳ್ಳುವುದಿಲ್ಲ. ಅವರು ಕೊಟ್ಟಿದ್ದನ್ನು ಇವರಿಗೆ, ಇವರು ಕೊಟ್ಟಿದ್ದನ್ನು ಅವರಿಗೆ. ಒಂದು ಗಿಣಿಹಸಿರು ಕಣವಂತೂ ನಾನೇ ಕೊಟ್ಟು, ಎರಡು ಮನೆ ತಿರುಗಿ, ನನಗೇ ವಾಪಸ್ ಬಂದಿತ್ತು. ಅಂಗಡಿಯ ಚೀಟಿ ಸಮೇತ.

ಇವುಗಳಲ್ಲಿ ಹತ್ತಿ ಯಾವುದು, ಅಲ್ಲದ್ದು ಯಾವುದು ಅಂತ ಬೇರೆ ಮಾಡಬೇಕು. ಮುಟ್ಟಿ ನೋಡಿದರೆ ಗೊತ್ತಾಗುವುದಿಲ್ಲ, ಗಂಜಿ ಹಾಕಿ ಇಸ್ತ್ರಿ ಮಾಡಿದ ಪಾಲಿಯೆಸ್ಟರ್ ಮಿಶ್ರಣ ಒಳ್ಳೆ ಹತ್ತಿಯ ಹಾಗೇ ಕೂರುತ್ತದೆ. ಸುಟ್ಟು ನೋಡಬೇಕು. ಅಂಚಿನಿಂದ ನಾಲ್ಕು ಎಳೆ ಎಳೆದು, ಚಿಮಟದಲ್ಲಿ ಹಿಡಿದು, ದೀಪಕ್ಕೆ ತೋರಿಸಿ. ಹತ್ತಿಯಾದರೆ ಭಗ್ಗನೆ ಉರಿದು ಕಾಗದ ಸುಟ್ಟ ವಾಸನೆ ಬರುತ್ತದೆ. ಉಳಿಯುವುದು ಬೂದಿ, ಬೆರಳಲ್ಲಿ ಉಜ್ಜಿದರೆ ಪುಡಿ. ಪಾಲಿಯೆಸ್ಟರ್ ಆದರೆ ಬೆಂಕಿ ಕಂಡ ಕೂಡಲೇ ಮುದುಡಿ ಕರಗುತ್ತದೆ, ತುದಿಯಲ್ಲಿ ಕಪ್ಪು ಮಣಿ ಉಳಿಯುತ್ತದೆ. ಆರಿದ ಮೇಲೆ ಉಗುರಿಂದ ಒತ್ತಿದರೂ ಒಡೆಯುವುದಿಲ್ಲ. ಎರಡೂ ಬೆರೆತಿದ್ದರೆ ಬೂದಿಯ ನಡುವೆ ಸಣ್ಣ ಸಣ್ಣ ಮಣಿ. ಅಂಗಡಿಯೊಂದರಲ್ಲಿ ‘ಪ್ಯೂರ್ ಕಾಟನ್, ಕಣ್ಣು ಮುಚ್ಚಿ ತಗೊಳ್ಳಿ’ ಅಂತ ಕೊಟ್ಟ ಕೆಂಪು ಬಟ್ಟೆ ನನ್ನ ಕಣ್ಣೆದುರೇ ಮಣಿಯಾಯಿತು. ಅಂಗಡಿಗೆ ಆ ಮಣಿಯನ್ನೇ ಒಯ್ದು ತೋರಿಸಿದೆ. ‘ಸುಡೋದಕ್ಕೆ ಅಂತ ಹೇಳಿರಲಿಲ್ವಲ್ಲ ಮೇಡಂ’ ಅಂದರು.

ಬಣ್ಣ ಬಿಡುವ ಬಟ್ಟೆಯ ಕಥೆ ಬೇರೆ. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತೆ ಅಂತ ಎಲ್ಲರೂ ಹೇಳುತ್ತಾರೆ. ನಾನು ನಂಬುವುದಿಲ್ಲ. ಬಿಡುವ ಬಣ್ಣ ಬಿಟ್ಟೇ ಬಿಡುತ್ತದೆ, ಬಿಟ್ಟು ಮುಗಿಯುವವರೆಗೆ ಬಿಸಿ ನೀರಲ್ಲಿ ತೊಳೆಯುವುದೊಂದೇ ದಾರಿ. ಜೊತೆಗೆ ಒಂದು ಬಿಳಿ ಚಿಂದಿ ಹಾಕಬೇಕು. ಚಿಂದಿ ಬೆಳ್ಳಗೇ ಹೊರಗೆ ಬಂದರೆ ಪಾಸ್. ಕುಂಕುಮದ ಬಣ್ಣದ ಒಂದು ಕಣ ಎಷ್ಟು ತೊಳೆದರೂ ಪಾಸಾಗಲಿಲ್ಲ. ಅದು ಈಗ ಒರೆಸುವ ಬಟ್ಟೆ.

ಇನ್ನು ನಕ್ಷತ್ರ. ಇದನ್ನು ಬರೆಯುವುದು ದೊಡ್ಡ ವಿದ್ಯೆಯೇನಲ್ಲ. ಒಂದು ಚೌಕ ಬರೆಯಿರಿ. ನಡುವನ್ನು ಹಿಡಿದುಕೊಂಡು ಅದನ್ನು 22.5 ಡಿಗ್ರಿ ತಿರುಗಿಸಿ ಇನ್ನೊಂದು ಬರೆಯಿರಿ. ಹೀಗೆ ನಾಲ್ಕು ಚೌಕ ಒಂದರ ಮೇಲೊಂದು ಬಂದರೆ 16 ಮೊನೆ. ಪ್ರತಿ ಮೊನೆಯೂ ಚೌಕದ ಮೂಲೆಯೇ, ಅಂದರೆ 90 ಡಿಗ್ರಿ. ಕ್ವಿಲ್ಟ್ ಲೋಕದಲ್ಲಿ ಲೋನ್ ಸ್ಟಾರ್ ಅಂತ ಒಂದು ಹೆಸರಾದ ವಿನ್ಯಾಸ ಇದೆ. ಎಂಟು ವಜ್ರಾಕೃತಿ, ಮೊನೆ 45 ಡಿಗ್ರಿ, ಚೂಪು. ಚೂಪು ಮೊನೆಯನ್ನು ಬಟ್ಟೆಯಲ್ಲಿ ಮಡಿಚುವುದು ಕಷ್ಟ. ಚೌಕದ ಮೂಲೆ ಸಲೀಸಾಗಿ ಕೂರುತ್ತದೆ. ಹೊಯ್ಸಳರ ಶಿಲ್ಪಿಗಳಿಗೆ ಕೌದಿಯ ಯೋಚನೆ ಇರಲಿಲ್ಲ ಬಿಡಿ, ಆದರೆ ನನಗೆ ಉಪಕಾರವಾಯಿತು. ಕಲ್ಲಿನಲ್ಲಿ ಮೊನೆಗಳು ಬೇರೆ ಬೇರೆ ಥರ ಇವೆ, ನಾನು ಎಲ್ಲವನ್ನೂ ಒಂದೇ ಮಾಡಿಕೊಂಡೆ.

ಪ್ರತಿ ಮೊನೆಯನ್ನು ಉದ್ದಕ್ಕೆ ಎರಡು ಮಾಡಿದರೆ ಒಂದು ತುಂಡು ಬಿಸಿಲು, ಒಂದು ತುಂಡು ನೆರಳು. ಒಟ್ಟು 32 ತ್ರಿಕೋನ. ಅಳತೆಗೆ ಕೋನಮಾಪಕ ಬೇಡ. ದೊಡ್ಡ ಕಾಗದದಲ್ಲಿ ವೃತ್ತ ಕತ್ತರಿಸಿ ಐದು ಸಲ ಅರ್ಧ ಮಡಿಚಿ. 2, 4, 8, 16, 32. ಬಿಚ್ಚಿ ಒಂದು ಪಾಲನ್ನು ಕತ್ತರಿಸಿಕೊಳ್ಳಿ. ತುದಿಯಿಂದ ಒಂದು ಅಂಚಿನಲ್ಲಿ 20 ಅಂಗುಲಕ್ಕೆ ಗುರುತು, ಇನ್ನೊಂದರಲ್ಲಿ 17 ಅಂಗುಲಕ್ಕೆ. ಎರಡನ್ನೂ ಗೆರೆ ಎಳೆದು ಸೇರಿಸಿ. ಮುಗೀತು. 20 ಮೊನೆಯ ತನಕ, 17 ಎರಡು ಮೊನೆಗಳ ನಡುವಿನ ಒಳಮೂಲೆಯ ತನಕ. ನಕ್ಷತ್ರ ದೊಡ್ಡದು ಬೇಕಾದರೂ ಚಿಕ್ಕದು ಬೇಕಾದರೂ 20ಕ್ಕೆ 17ರ ಲೆಕ್ಕ ಬಿಡಬೇಡಿ. ಆಮೇಲೆ ಸುತ್ತ ಕಾಲಂಗುಲ ಹೊಲಿಗೆಗೆ ಬಿಟ್ಟು ರಟ್ಟಿನಲ್ಲಿ ಕತ್ತರಿಸಿಕೊಂಡೆ.

ರಟ್ಟಿನ ಒಂದು ಮಗ್ಗಲಿಗೆ ‘ಬಿಸಿಲು’ ಅಂತ, ಹಿಂದೆ ‘ನೆರಳು’ ಅಂತ ಬರೆದೆ. ತಿಳಿ ಬಣ್ಣಕ್ಕೆ ಬಿಸಿಲಿನ ಮಗ್ಗಲು ಮೇಲೆ, ಗಾಢ ಬಣ್ಣಕ್ಕೆ ತಿರುಗಿಸಿ ನೆರಳಿನ ಮಗ್ಗಲು ಮೇಲೆ. ಎರಡೂ ಕನ್ನಡಿಯಲ್ಲಿ ನೋಡಿದಂತೆ ಉಲ್ಟಾ ಇರಬೇಕು, ಇಲ್ಲದಿದ್ದರೆ ಜೋಡಿ ಕೂರುವುದಿಲ್ಲ. ಯಾವುದು ತಿಳಿ, ಯಾವುದು ಗಾಢ ಅಂತ ಕಣ್ಣು ಮೋಸ ಮಾಡುತ್ತದೆ. ಕೆಂಪು, ಕಿತ್ತಳೆಗಳು ತಾವೇ ಬೆಳಕು ಅಂತ ಮೆರೆಯುತ್ತವೆ. ಅದಕ್ಕೆ ಎಲ್ಲವನ್ನೂ ಸಾಲಾಗಿ ಹಾಸಿ ಫೋನಿನಲ್ಲಿ ಕಪ್ಪು ಬಿಳುಪು ಫೋಟೋ ತೆಗೆದು ನೋಡುವುದು. ಬಣ್ಣದ ಜಂಬ ಇಳಿದು ಬರೀ ಬೆಳಕು ನೆರಳು ಉಳಿಯುತ್ತದೆ. ನನ್ನ ಗಿಣಿಹಸಿರು ಬಿಸಿಲಿನ ಕಡೆ ಹೋಯಿತು.

ಕತ್ತರಿಸುವ ಮೊದಲು ಗಂಜಿ. ಈ ತ್ರಿಕೋನದ ಅಂಚುಗಳೆಲ್ಲ ನೇಯ್ಗೆಗೆ ಓರೆಯಾಗಿ ಬರುತ್ತವೆ. ಓರೆ ಅಂಚು ಎಳೆದರೆ ಎಳೆದಷ್ಟು ಬರುತ್ತದೆ. ಅನ್ನದ ಗಂಜಿಯನ್ನು ತೆಳ್ಳಗೆ ಸೋಸಿ, ಬಟ್ಟೆ ಅದ್ದಿ, ನೆರಳಲ್ಲಿ ಒಣಗಿಸಿ, ಇನ್ನೂ ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಮಾಡಿದರೆ ಬಟ್ಟೆ ಕಾಗದದಷ್ಟು ಬಿಗಿ. ಇಸ್ತ್ರಿಪೆಟ್ಟಿಗೆಯನ್ನು ಉಜ್ಜಬಾರದು, ಇಟ್ಟು ಎತ್ತಬೇಕು. ಹೊಲಿಗೆ ಹಾಕುವುದಕ್ಕಿಂತ ಇಸ್ತ್ರಿ ಹಾಕುವುದರಲ್ಲೇ ಜಾಸ್ತಿ ಹೊತ್ತು ಹೋಗುತ್ತದೆ. ಕನಸಿನ ಕೌದಿಯ ಬಗ್ಗೆ ಮಾತಾಡುವಾಗ ಯಾರೂ ಇಸ್ತ್ರಿಯ ಕನಸು ಕಾಣುವುದಿಲ್ಲ ನೋಡಿ.

ನನ್ನದು ಉಷಾ ಕಾಲು ಮಷಿನ್. ಸೂಜಿಯಿಂದ ಬಲಕ್ಕೆ ಕಾಲಂಗುಲಕ್ಕೆ ಸರಿಯಾಗಿ ತಟ್ಟೆಯ ಮೇಲೆ ಅಂಟುಪಟ್ಟಿ ಹಾಕಿಕೊಂಡೆ. ಬಟ್ಟೆಯ ಅಂಚು ಅದಕ್ಕೆ ತಾಗಿಕೊಂಡೇ ಹೋಗಬೇಕು. ಬೇರೆ ಕೌದಿಯಲ್ಲಿ ಇಷ್ಟು ಬಿಗಿ ಬೇಡ. ಇಲ್ಲಿ ಬೇಕು, ಯಾಕೆಂದರೆ 32 ಹೊಲಿಗೆಯೂ ಒಂದೇ ಕೇಂದ್ರಕ್ಕೆ ಬರುತ್ತವೆ. ಒಂದು ಹೊಲಿಗೆ ಮೊನೆಯ ಕಡೆ ಹೋಗುತ್ತ ಅರ್ಧ ಮಿಲಿಮೀಟರ್ ಒಳಗೆ ಬಿದ್ದರೆ ಎರಡೂ ತುಂಡು ಸೇರಿ ಒಂದು ಮಿಲಿಮೀಟರ್ ಹೋಯಿತು. 32 ಹೊಲಿಗೆಗೆ 32 ಮಿಲಿಮೀಟರ್, ಒಂದಂಗುಲಕ್ಕೂ ಜಾಸ್ತಿ. ಸುತ್ತಳತೆ ಅಷ್ಟು ಕಡಿಮೆಯಾದರೆ ನಕ್ಷತ್ರದ ನಡು ಎಣ್ಣೆಗೆ ಬಿದ್ದ ಹಪ್ಪಳದಂತೆ ಉಬ್ಬುತ್ತದೆ. ಹೊಲಿಗೆ ಹೊರಗೆ ಬಿದ್ದರೆ ನಡು ಸರಿ ಇರುತ್ತದೆ, ಅಂಚು ಸುಕ್ಕು ಸುಕ್ಕಾಗಿ ಅಲೆಯುತ್ತದೆ.

ಎಲ್ಲ ಜೋಡಿಸಿ ಮುಗಿಸಿದ ಮೇಲೆ ಉಬ್ಬಿದೆ ಅಂತ ಗೊತ್ತಾದರೆ ಏನು ಪ್ರಯೋಜನ? ಅದಕ್ಕೆ ನಾಲ್ಕು ನಾಲ್ಕು ಮೊನೆಗೆ ಒಂದು ಕಾಲು ಭಾಗ ಅಂತ ಮಾಡಿಕೊಂಡೆ. ಕಾಲು ಭಾಗದ ಎರಡು ಅಂಚು ಸರಿಯಾಗಿ 90 ಡಿಗ್ರಿ ಇರಬೇಕು. ಪರೀಕ್ಷೆಗೆ ನಮ್ಮ ಹಾಲಿನ ನೆಲವೇ ಸಾಕು. ಎರಡಡಿ ಟೈಲ್ಸ್, ಅಂದರೆ 24 ಅಂಗುಲ. ಕೇಂದ್ರವನ್ನು ಟೈಲಿನ ಮೂಲೆಗೆ ಇಟ್ಟರೆ ಎರಡು ಅಂಚೂ ಸಿಮೆಂಟಿನ ಗೆರೆ ಹಿಡಿದೇ ಹೋಗಬೇಕು. ಮೂರು ಭಾಗ ಹಾಗೇ ಹೋದವು. ನಾಲ್ಕನೆಯದು ಗೆರೆಯಿಂದ ಒಂದು ನೂಲಿನಷ್ಟು ಒಳಗಿತ್ತು. ನಡುವಿನ ಹೊಲಿಗೆ ಬಿಚ್ಚಿ ಸ್ವಲ್ಪ ಹೊರಗೆ ಸರಿಸಿ ಹಾಕಿದೆ, ಸರಿಹೋಯಿತು. ಕೆಲಸದವಳು ನೆಲ ಒರೆಸಲು ಬಂದು ನಿಂತಿದ್ದಳು. ‘ಟೈಲ್ಸ್ ಅಳೀತಿದೀರಾ ಅಕ್ಕಾ?’ ಅಂದಳು.

ನಡುವಿನಲ್ಲಿ 32 ತುದಿ ಒಟ್ಟಿಗೆ ಬಂದರೆ ಗಂಟು ಕಟ್ಟಿದ ಹಾಗೆ ದಪ್ಪವಾಗುತ್ತದೆ, ಸೂಜಿ ಇಳಿಯುವುದಿಲ್ಲ. ಹಾಗಾಗಿ ತುದಿಗಳನ್ನು ಕತ್ತರಿಸಿ, ಮೇಲೆ ಒಂದು ಗುಂಡು ಬಟ್ಟೆ ಕೂರಿಸಿದೆ. ಡಬ್ಬಿ ಮುಚ್ಚಳದ ಅಳತೆಗೆ ರಟ್ಟು, ಅದಕ್ಕಿಂತ ದೊಡ್ಡದು ಬಟ್ಟೆ, ಬಟ್ಟೆಯ ಅಂಚಿಗೆ ದಾರ ಪೋಣಿಸಿ ಎಳೆದು ಇಸ್ತ್ರಿ ಇಟ್ಟರೆ ಅಂಚು ಗುಂಡಗೆ ಮಡಿಚಿಕೊಳ್ಳುತ್ತದೆ. ಹೊಯ್ಸಳ ದೇವಸ್ಥಾನಗಳ ಚಾವಣಿಯ ನಡುವೆ ಕಮಲ ಇಳಿಬಿದ್ದಿರುತ್ತದಲ್ಲ, ಅದು ನನ್ನ ನೆಪ. ನಿಜವಾದ ಕಾರಣ ಸೂಜಿ.

ನಕ್ಷತ್ರವನ್ನು ಬೂದು ಬಣ್ಣದ ಖಾದಿಯ ಮೇಲೆ ಹಾಸಿ ಕೈಯಲ್ಲೇ ಹೊಲಿದೆ. ಬಳಪದ ಕಲ್ಲು ಹಳೆಯದಾದ ಮೇಲೆ ಬರುತ್ತದಲ್ಲ, ಆ ಬೂದು. ಮಷಿನ್‌ನಲ್ಲಿ 16 ಒಳಮೂಲೆಗೆ ಹಿನ್ನೆಲೆ ತುಂಡು ಜೋಡಿಸುವುದೂ ಆಗುತ್ತದೆ, ಆದರೆ ನನಗೆ ಅಷ್ಟು ತಾಳ್ಮೆ ಇಲ್ಲ. ಕೈಹೊಲಿಗೆಗೆ ಬೇಕಾದ ತಾಳ್ಮೆ ಬೇರೆ, ಅದು ಟಿವಿ ಮುಂದೆ ಸಿಗುತ್ತದೆ. ಒಳಮೂಲೆಯಲ್ಲಿ ಮಡಿಕೆಗೆ ಬಿಟ್ಟ ಬಟ್ಟೆಯನ್ನು ಗೆರೆಗೆ ಎರಡೇ ಎಳೆ ಬಾಕಿ ಇರುವ ತನಕ ಕತ್ತರಿಸಬೇಕು. ಆಗಲೇ ಮೂಲೆ ಬಿಡಿಸಿಕೊಂಡು ಕೂರುತ್ತದೆ. ಅಲ್ಲಿ ಮಾತ್ರ ಹೊಲಿಗೆ ಹತ್ತಿರ ಹತ್ತಿರ. ಮುಗಿದ ಮೇಲೆ ತಿರುಗಿಸಿ, ನಕ್ಷತ್ರದ ಕೆಳಗಿನ ಖಾದಿಯನ್ನು ಕತ್ತರಿಸಿ ತೆಗೆದೆ. ಪದರ ಒಂದು ಕಡಿಮೆಯಾದರೆ ಮುಂದೆ ಬೆರಳಿಗೆ ಅಷ್ಟು ನೋವು ಕಡಿಮೆ.

ಇಲ್ಲಿಗೆ ಶಿವಾಲಯ ಮುಗೀತು. ಉಳಿದದ್ದು ಹಳೇಬೀಡು.

ಮಂಚದ ಕೌದಿಗೆ 60 ಅಂಗುಲ ಅಗಲ, 90 ಅಂಗುಲ ಉದ್ದ ಇಟ್ಟುಕೊಂಡಿದ್ದೆ. ನಡುವಿನ ನಕ್ಷತ್ರದ ಭಾಗ 42 ಅಂಗುಲ. ಮೇಲೆ 24, ಕೆಳಗೆ 24 ಖಾಲಿ. ಹೊಯ್ಸಳೇಶ್ವರದ ಹೊರಗೋಡೆಯ ಕೆಳಭಾಗದಲ್ಲಿ ಎಂಟು ಪಟ್ಟಿಕೆ ಇವೆ. ಕೆಳಗಿನಿಂದ ಆನೆ, ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಪುರಾಣದ ಕಥೆ, ಮಕರ, ಹಂಸ. ಎಂಟು ಪಟ್ಟಿ, ಮೂರು ಮೂರು ಅಂಗುಲ, 24 ಅಂಗುಲ. ಲೆಕ್ಕ ಕೂತಿದ್ದು ನೋಡಿ ನನಗೇ ನಗು ಬಂತು.

ಆನೆ ಕುದುರೆ ಹೊಲಿಯಲು ನಾನೇನು ಹೋಗಲಿಲ್ಲ. ಬರೀ ಬಣ್ಣ. ಆನೆಗೆ ಕಡುಬೂದು, ಸಿಂಹಕ್ಕೆ ಕಂದು, ಬಳ್ಳಿಗೆ ಎರಡು ಥರದ ಹಸಿರು, ಕುದುರೆಗೆ ಬೆಲ್ಲದ ಬಣ್ಣ, ಮಕರಕ್ಕೆ ನೀಲಿ, ಹಂಸಕ್ಕೆ ಬಿಳಿ. ಕಥೆಯ ಪಟ್ಟಿಗೆ ಮಾತ್ರ ಚೂರುಗಳು. ಹಳೇಬೀಡಿನಲ್ಲಿ ಜನ ಬಗ್ಗಿ ನೋಡುವುದು ಆ ಪಟ್ಟಿಯನ್ನೇ, ರಾಮಾಯಣ ಮಹಾಭಾರತ ಇರುವುದು ಅಲ್ಲಿ. ನನ್ನದರಲ್ಲಿ ಅಮ್ಮನ ವಾಯಿಲ್ ಸೀರೆಯ ಅಂಚು ಇದೆ. ಮಗನ ಸ್ಕೂಲ್ ಯೂನಿಫಾರಂ ಇದೆ, ನೀಲಿ ಚೌಕಳಿ. ಅಪ್ಪನ ಪಟಾಪಟಿ ಚಡ್ಡಿಯ ಬಟ್ಟೆಯೂ ಇದೆ, ಅದು ಚಡ್ಡಿ ಅಂತ ಯಾರಿಗೂ ಹೇಳಿಲ್ಲ. ಮೊದಲು ಎಲ್ಲ ಪಟ್ಟಿಗೂ ಇಂಥ ನೆನಪಿನ ಬಟ್ಟೆಯನ್ನೇ ಹಾಕುವ ಆಸೆಯಿತ್ತು. ಹಾಸಿ ನೋಡಿದರೆ ಕಣ್ಣಿಗೆ ನಿಲ್ಲಲು ಜಾಗವೇ ಇರಲಿಲ್ಲ. ಏಳು ಪಟ್ಟಿ ಸುಮ್ಮನಿದ್ದರೇ ಆರನೆಯದು ಮಾತಾಡುವುದು.

ಮೇಲಿನ ಎಂಟು ಪಟ್ಟಿಯನ್ನು ಉಲ್ಟಾ ಇಟ್ಟೆ. ಹಂಸ ನಕ್ಷತ್ರದ ಕಡೆಗೆ, ಆನೆ ಹೊರ ಅಂಚಿಗೆ. ಹೈಸ್ಕೂಲ್ ಮೇಡಂ ನೋಡಿ, ‘ಆನೆ ತಲೆಕೆಳಗಾಯ್ತಲ್ಲ, ಕಟ್ಟಡ ಬೀಳಲ್ವಾ?’ ಅಂದರು. ಹಾಸಿಗೆಯ ಮೇಲೆ ಮಲಗಿದವರಿಗೆ ತಲೆ ಯಾವ ಕಡೆ, ಕಾಲು ಯಾವ ಕಡೆ ಅಂತ ಯಾರು ನೋಡುತ್ತಾರೆ? ಆದರೂ ಒಂದು ವಾರ ಆ ಮಾತು ಕೊರೆಯುತ್ತಿತ್ತು. ಬದಲಾಯಿಸಲಿಲ್ಲ.

ಒಳಗಿನ ಪದರಕ್ಕೆ ಏನು ಹಾಕುವುದು ಅನ್ನುವುದರಲ್ಲಿ ನಮ್ಮ ಗುಂಪಿನಲ್ಲಿ ಎರಡು ಪಕ್ಷ. ಹಾಸಿಗೆ ಅಂಗಡಿಯ ಪಾಲಿಯೆಸ್ಟರ್ ಹಾಳೆ ಹಗುರ, ಬೇಗ ಒಣಗುತ್ತದೆ, ಉಬ್ಬಿ ಚಂದ ಕಾಣುತ್ತದೆ. ಹಳೇ ಹತ್ತಿ ಸೀರೆ ಭಾರ, ಒಣಗಲು ಸತಾಯಿಸುತ್ತದೆ, ಚಪ್ಪಟೆ. ನಾನು ಸೀರೆಯ ಪಕ್ಷ. ಮೈಗೆ ಅಂಟಿಕೊಂಡು ಕೂರುವ ಭಾರ ಸೀರೆಯದೇ. ಐದೂವರೆ ಮೀಟರ್ ಸೀರೆಯಲ್ಲಿ 90 ಅಂಗುಲದ ಎರಡು ತುಂಡು ಬಂದು ಇನ್ನೂ ಮಿಗುತ್ತದೆ. ಎರಡನ್ನೂ ಪಕ್ಕಪಕ್ಕ ಸೇರಿಸಿದರೆ ಒಂದು ಪದರಕ್ಕೆ ಬೇಕಾದಷ್ಟು. ಎರಡು ಪದರ ಹಾಕಿದೆ. ಜೋಡಿಸಿದ ಹೊಲಿಗೆ ಎರಡರಲ್ಲೂ ಒಂದೇ ಜಾಗಕ್ಕೆ ಬರದ ಹಾಗೆ ಸರಿಸಿಕೊಳ್ಳಬೇಕು. ಅಡಿಗೆ ಹಳೇ ಹತ್ತಿ ಬೆಡ್‌ಶೀಟ್, ಎಲ್ಲ ಕಡೆ ಎರಡಂಗುಲ ದೊಡ್ಡದು.

ಕುರ್ಚಿ ಟೀಪಾಯಿ ಹೊರಗಿಟ್ಟು, ಹಾಲಿನಲ್ಲಿ ಬೆಡ್‌ಶೀಟ್ ಹಾಸಿ ಅಂಚಿಗೆ ಟೇಪ್ ಹಚ್ಚಿ ಬಿಗಿ ಮಾಡಿ, ಒಂದೊಂದೇ ಪದರ ಹರಡಿ, ನಡುವಿನಿಂದ ಹೊರಕ್ಕೆ ಸೇಫ್ಟಿ ಪಿನ್ ಹಾಕುತ್ತ ಬಂದೆ. ಮಂಡಿ ಯಾಕೆ ಬೇಕು ಅಂತ ದೇವರು ಅವತ್ತು ತಿಳಿಸಿಕೊಟ್ಟ.

ಆಮೇಲಿನದು ಮಳೆಗಾಲದ ಕೆಲಸ. ಆಷಾಢದ ಜಡಿಮಳೆಯಲ್ಲಿ ಶುರುವಾಗಿದ್ದು ದೀಪಾವಳಿ ಕಳೆದ ಮೇಲೆ ಮುಗಿಯಿತು. ದಪ್ಪ ಕ್ರೋಷಾ ದಾರ, ಉದ್ದ ಸೂಜಿ, ನಡುಬೆರಳಿಗೆ ಟೋಪಿ. ನಕ್ಷತ್ರದ ಅಂಚು ಹಿಡಿದು ಬೆರಳಗಲ ಬಿಟ್ಟು ಒಂದು ಸುತ್ತು, ಮತ್ತೆ ಬೆರಳಗಲ ಬಿಟ್ಟು ಇನ್ನೊಂದು. ಪಟ್ಟಿಗಳಲ್ಲಿ ನೇರ ಸಾಲು. ದಾರದ ಗಂಟನ್ನು ಹೊರಗೆ ಬಿಡಬಾರದು. ಮೆಲ್ಲಗೆ ಎಳೆದರೆ ‘ಟಕ್’ ಅಂತ ಮೇಲಿನ ಬಟ್ಟೆ ದಾಟಿ ಒಳಗೆ ಕೂರುತ್ತದೆ. ಆ ಸಣ್ಣ ಸದ್ದಿಗೆ ನಾನು ಮರುಳಾಗಿಬಿಟ್ಟಿದ್ದೇನೆ. ಹಸಿ ಹವೆಗೆ ಬೂಷ್ಟು ಬರಬಾರದು ಅಂತ ಬಿಸಿಲು ಇಣುಕಿದಾಗೆಲ್ಲ ಕಿಟಕಿಯ ಹತ್ತಿರ ಹರಡುತ್ತಿದ್ದೆ. ಸಕಲೇಶಪುರದ ಕಡೆಯವರ ಪಾಡು ಇನ್ನೂ ಕಷ್ಟ, ಅಲ್ಲಿ ಬಿಸಿಲು ಇಣುಕುವುದೂ ಇಲ್ಲ.

ಅಂಚುಪಟ್ಟಿಗೆ ಸುತ್ತಳತೆ 300 ಅಂಗುಲ. ಮೂಲೆಗೆ, ಜೋಡಣೆಗೆ ಒಂದು ಹತ್ತು ಜಾಸ್ತಿ. ಎರಡೂವರೆ ಅಂಗುಲದ ಪಟ್ಟಿಯನ್ನು ಉದ್ದಕ್ಕೆ ಮಡಿಚಿ ಹಾಕುವುದು. 44 ಅಂಗುಲ ಪನ್ನದ ಬಟ್ಟೆ ಅರ್ಧ ಮೀಟರ್‌ಗಿಂತ ಚೂರು ಮೇಲೆ ಇದ್ದರೆ ಸಾಕು. ಹಳಿಯಾಳದವರು ಮೂಲೆಗೆ ಫೂಲ ಇಡೋಣ ಅಂದರು. ನನಗೆ ಮನಸ್ಸಾಗಲಿಲ್ಲ. ಅದು ಸಿದ್ದಿ ಹೆಂಗಸರ ಗುರುತು, ನನ್ನ ಲೆಕ್ಕದ ಕೌದಿಗೆ ಯಾಕೆ? ಸಾದಾ ಮೂಲೆಯನ್ನೇ ಮಡಿಚಿದೆ.

ಮುಗಿದ ದಿನವೇ ಜಗಳ ಶುರು. ಇದನ್ನು ಗೋಡೆಗೆ ಹಾಕಬೇಕು ಅಂತ ಮೇಡಂ. ಇಷ್ಟು ಕಷ್ಟಪಟ್ಟಿದ್ದನ್ನು ಹೊದ್ದು ಹಾಳು ಮಾಡುತ್ತೀರಾ ಅಂತ ಕೇಳುತ್ತಾರೆ. ಅಮೆರಿಕದ ಅಲಬಾಮ ರಾಜ್ಯದ ಗೀಸ್ ಬೆಂಡ್ ಅನ್ನುವ ಹಳ್ಳಿಯ ಕಪ್ಪು ಹೆಂಗಸರು ಹಳೇ ಕೆಲಸದ ಬಟ್ಟೆಯಲ್ಲಿ ಹೊಲಿದ ಕ್ವಿಲ್ಟ್‌ಗಳು 2002ರಲ್ಲಿ ಹ್ಯೂಸ್ಟನ್ನಿನ ಮ್ಯೂಸಿಯಂನಲ್ಲಿ, ಆಮೇಲೆ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಗೋಡೆ ಏರಿದವು, 2006ರಲ್ಲಿ ಅಂಚೆಚೀಟಿಯ ಮೇಲೂ ಬಂದವು ಅಂತ ಉದಾಹರಣೆ ಕೊಟ್ಟರು. ನಿಜ. ಆದರೆ ಅವರು ಹೊಲಿದಿದ್ದು ಚಳಿಗೆ. ಗೋಡೆ ಆಮೇಲೆ ಬಂತು. ಹಾಸನ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಊರು. ಡಿಸೆಂಬರ್ ರಾತ್ರಿ ಇಲ್ಲಿ ಗೋಡೆಗೆ ಚಳಿಯಾಗುವುದಿಲ್ಲ, ನನಗೆ ಆಗುತ್ತದೆ. ಮೇಡಂ ಒಪ್ಪಿಲ್ಲ. ನಾನಂತೂ ಹೊದೆಯುತ್ತಿದ್ದೇನೆ. ಅಪ್ಪನ ಚಡ್ಡಿ ನನ್ನ ಪಾದದ ಹತ್ತಿರ ಬರುತ್ತದೆ, ಅದೊಂದು ಸ್ವಲ್ಪ ಮುಜುಗರ.

ಈ ನಡುವೆ ಅರಸೀಕೆರೆ ಅತ್ತಿಗೆಯ ಮಗಳು ಬಂದು ‘ಬಿಸಿಲು–ನೆರಳು’ ರಟ್ಟನ್ನು ಎತ್ತಿಕೊಂಡು ಹೋಗಿದ್ದಾಳೆ. ಕಾಲೇಜು ಹುಡುಗಿ, ಹಳೇ ಜೀನ್ಸ್ ಪ್ಯಾಂಟುಗಳಲ್ಲಿ ನಕ್ಷತ್ರ ಹೊಲಿಯುತ್ತಾಳಂತೆ. ತೊಟ್ಟು ತೊಟ್ಟು ಬಿಳಚಿಕೊಂಡ ಮಂಡಿಯ ಭಾಗ ಬಿಸಿಲಿಗೆ, ಜೇಬಿನ ಅಡಿಯ ಕಡುನೀಲಿ ನೆರಳಿಗೆ. ನನಗೆ ಹೊಳೆಯದ ಯೋಚನೆ ಅದು. ಆದರೆ ಜೀನ್ಸ್ ದಪ್ಪ, ಕಾಲಂಗುಲದ ಹೊಲಿಗೆ ಅಲ್ಲಿ ನಿಲ್ಲುವುದಿಲ್ಲ, ಅರ್ಧ ಅಂಗುಲ ಬಿಡಬೇಕು. ಅಂದರೆ ರಟ್ಟನ್ನು ಹೊಸದಾಗಿ ಕತ್ತರಿಸಬೇಕು. ನಿನ್ನೆ ಫೋನ್ ಮಾಡಿದ್ದಳು, ಸೂಜಿ ಮುರಿಯುತ್ತಿದೆಯಂತೆ. 16ನೇ ನಂಬರಿನ ಸೂಜಿ ಹಾಕು, ಮೂರು ಪದರ ಸೇರುವ ಕಡೆ ಪೆಡಲ್ ತುಳಿಯಬೇಡ, ಚಕ್ರವನ್ನು ಕೈಯಲ್ಲೇ ತಿರುಗಿಸು ಅಂತ ಹೇಳಿದ್ದೇನೆ. ಮುಂದಿನ ಭಾನುವಾರ ನಾಲ್ಕು ಮೊನೆ ತಂದು ನಮ್ಮ ಟೈಲ್ಸ್ ಮೇಲೆ ಇಟ್ಟು ನೋಡುತ್ತಾಳಂತೆ.